ಆಫರ್ ಲೆಟರಿನಲ್ಲಿ ಬರೆಯದ ಗಂಟೆಗಳು

ಸಾಫ್ಟ್‌ವೇರ್ ಕೆಲಸ ಬದಲಿಸಿದವರನ್ನು ಹೈಕ್ ಎಷ್ಟು ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಹೊಸ ಕಡೆ ವಾರಕ್ಕೆ ಎಷ್ಟು ಗಂಟೆ ಕೆಲಸ, ತಿಂಗಳಲ್ಲಿ ಎಷ್ಟು ರಾತ್ರಿ ಫೋನ್ ಬಡಿದುಕೊಳ್ಳುತ್ತದೆ, ಕಳೆದ ಮೂರು ರಿಲೀಸ್‌ಗಳಲ್ಲಿ ಎಷ್ಟು ಶನಿವಾರ ಹೋಯಿತು ಎಂದು ಕೇಳಿದರೆ ಮಾತ್ರ ‘ನೋಡ್ಬೇಕು’ ಎನ್ನುತ್ತಾರೆ. ಸಂಬಳಕ್ಕೆ ಕಾಗದವಿದೆ, ಸಮಯಕ್ಕೆ ಬರೀ ಬಾಯಿಮಾತು. ತೂಗಲು ಕೂತಾಗ ಒಂದು ತಟ್ಟೆಯಲ್ಲಿ ಅಂಕಿ, ಇನ್ನೊಂದರಲ್ಲಿ ಗಾಳಿ. ಅಂಕಿಯೇ ಗೆಲ್ಲುತ್ತದೆ.

ಆದ್ದರಿಂದ ಮೊದಲ ಕೆಲಸ, ಸಮಯವನ್ನೂ ಅಂಕಿಗೆ ಇಳಿಸುವುದು. ಹಾಗೆ ಇಳಿಸಿ ನೋಡಿದರೆ ಇನ್ನೊಂದು ವಿಷಯವೂ ಹೊರಬೀಳುತ್ತದೆ: ಜನರನ್ನು ಹೈರಾಣ ಮಾಡುವುದು ಗಂಟೆಗಳ ಸಂಖ್ಯೆಗಿಂತ ಹೆಚ್ಚಾಗಿ, ಆ ಗಂಟೆಗಳು ಯಾರ ಹಿಡಿತದಲ್ಲಿವೆ ಎಂಬುದು.

ಪ್ಯಾಕೇಜ್ ಒಡೆದು ನೋಡಿದಾಗ

ಆಫರ್‌ನಲ್ಲಿ ದಪ್ಪಕ್ಷರದಲ್ಲಿ ಕಾಣುವ ಮೊತ್ತದಲ್ಲಿ ನಾಲ್ಕು ಬೇರೆಬೇರೆ ಜಾತಿಯ ಹಣ ಕಲೆಸಿಕೊಂಡಿರುತ್ತದೆ. ತಿಂಗಳು ತಿಂಗಳು ಬರುವ ಸಂಬಳ ಖಚಿತ. ಬೋನಸ್ ‘ಗರಿಷ್ಠ ಇಷ್ಟು’ ಎಂದು ಬರೆದಿರುತ್ತದೆ; ಆದರೆ ಕೇಳಬೇಕಾದ್ದು ಹಿಂದಿನ ಮೂರು ವರ್ಷ ನಿಜವಾಗಿ ಶೇಕಡಾ ಎಷ್ಟು ಕೊಟ್ಟರು ಎಂದು. ಜಾಯ್ನಿಂಗ್ ಬೋನಸ್ ಒಂದೇ ಸಲದ್ದು, ಅದೂ ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕಾದ್ದು. ಅದನ್ನು ವಾರ್ಷಿಕ ಹೋಲಿಕೆಗೆ ಸೇರಿಸಲೇಬಾರದು.

ಉಳಿದದ್ದು ಷೇರು. ಮೂಗಿಗೆ ತುಪ್ಪ ಸವರುವ ಕೆಲಸ ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಸಾಮಾನ್ಯ ಪದ್ಧತಿ ನಾಲ್ಕು ವರ್ಷದ ವೆಸ್ಟಿಂಗ್ (ಕೊಡುತ್ತೇವೆಂದ ಷೇರು ಕಂತುಕಂತಾಗಿ ನಿಮ್ಮದಾಗುವುದು), ಮೊದಲ ವರ್ಷ ಪೂರ್ತಿಯಾಗುವವರೆಗೆ ಏನೂ ಇಲ್ಲ. ಹನ್ನೊಂದನೇ ತಿಂಗಳಲ್ಲಿ ಹೊರಟರೆ ಸೊನ್ನೆ. ಹಂಚಿಕೆ ಎಲ್ಲ ಕಡೆ ಸಮವೂ ಅಲ್ಲ. ಅಮೆಜಾನ್ ಬಹುಕಾಲ ಅನುಸರಿಸಿದ ಹಂಚಿಕೆಯಲ್ಲಿ ಮೊದಲ ವರ್ಷ ಶೇ. 5, ಎರಡನೆಯ ವರ್ಷ ಶೇ. 15, ಮೂರು ಮತ್ತು ನಾಲ್ಕನೆಯ ವರ್ಷ ತಲಾ ಶೇ. 40. ಮೊದಲೆರಡು ವರ್ಷದ ಕೊರತೆಯನ್ನು ನಗದು ಬೋನಸ್ ತುಂಬುತ್ತದೆ. ಹಾಗಾಗಿ ಎರಡು ವರ್ಷ ಸೋತು ಸುಣ್ಣವಾದವರಿಗೆ ‘ಈಗ ಬಿಟ್ಟರೆ ನಷ್ಟ’ ಎಂಬ ಲೆಕ್ಕ ಶುರುವಾಗುತ್ತದೆ. ಷೇರು ಮಾರುಕಟ್ಟೆಗೆ ಬಾರದ ಕಂಪನಿಯದ್ದಾದರೆ, ಆಪ್ಷನ್ (ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಬಳಸಲು ಕೈಯಿಂದಲೇ ಹಣ ಹಾಕಬೇಕು. ಕೆಲಸ ಬಿಟ್ಟ ಮೇಲೆ ಅದಕ್ಕೆ ಅನೇಕ ಕಡೆ 90 ದಿನ ಮಾತ್ರ ಗಡುವು. ಅಂಥ ಆಪ್ಷನ್‌ಗೆ ಮನೆ ಲೆಕ್ಕದಲ್ಲಿ ಸೊನ್ನೆ ಬರೆಯಿರಿ. ಬಂದರೆ ಲಾಭ. ಲಿಸ್ಟ್ ಆದ ಕಂಪನಿಯ ಷೇರಿಗೆ ಮುಕ್ಕಾಲು ಬೆಲೆ ಹಿಡಿದರೆ ಸಾಕು.

ಈಗ ಒಂದು ಲೆಕ್ಕ. ಮೊದಲ ಕೆಲಸದ ಸಂಬಳ 100, ಪೂರ್ತಿ ಖಚಿತ. ಎರಡನೆಯದು 140: ಸಂಬಳ 105, ಬೋನಸ್ 15, ಲಿಸ್ಟ್ ಆದ ಷೇರು ವರ್ಷಕ್ಕೆ 20. ಬೋನಸ್ ವಾಸ್ತವದಲ್ಲಿ 10 ಬರುತ್ತದೆ, ಷೇರಿಗೆ 15 ಹಿಡಿಯೋಣ. 140 ಆಗಲೇ 130ಕ್ಕೆ ಇಳಿಯಿತು. ತೆರಿಗೆ ಮೊದಲ 100ರ ಮೇಲೆ ಸರಾಸರಿ ಶೇ. 20, ಅದರ ಮೇಲಿನದಕ್ಕೆ ಶೇ. 35 ಎಂದಿಟ್ಟುಕೊಳ್ಳಿ. ಮೊದಲ ಕೆಲಸದಲ್ಲಿ ಕೈಗೆ 80, ಎರಡನೆಯದರಲ್ಲಿ 99.5. ಕಾಗದದ ಮೇಲಿನ ಶೇ. 40 ಹೆಚ್ಚಳ ಕೈಗೆ ಬರುವಷ್ಟರಲ್ಲಿ ಶೇ. 24.

ಗಂಟೆಗಳ ಕಡೆ ಬನ್ನಿ. ಮೊದಲ ಕೆಲಸದಲ್ಲಿ ವಾರಕ್ಕೆ 41 ಗಂಟೆ ಕೆಲಸ, 4 ಗಂಟೆ ಓಡಾಟ, ರಜೆಗಳನ್ನು ಕಳೆದು ವರ್ಷಕ್ಕೆ 46 ವಾರ: 2,070 ಗಂಟೆ. ಎರಡನೆಯದರಲ್ಲಿ 50 ಗಂಟೆ ಕೆಲಸ, 5 ಗಂಟೆ ಓಡಾಟ, 47 ವಾರ: 2,585 ಗಂಟೆ. ಇಷ್ಟಕ್ಕೇ ನಿಲ್ಲಿಸಿದರೆ ಗಂಟೆಯ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರಲ್ಲಿ ಐದು ವಾರಕ್ಕೊಮ್ಮೆ ಆನ್‌ಕಾಲ್ (ಸಿಸ್ಟಮ್ ಕೆಟ್ಟರೆ ಯಾವ ಹೊತ್ತಿಗಾದರೂ ಎದ್ದು ನೋಡುವ ಸರದಿ) ಇದೆ, ಅಂದರೆ ವರ್ಷಕ್ಕೆ ಸುಮಾರು 10 ವಾರ. ಅಂಥ ವಾರದಲ್ಲಿ ಕೆಲಸದ ಹೊರಗಿನ ಗಂಟೆಗಳೂ ಪೂರ್ತಿ ನಿಮ್ಮವಲ್ಲ: ಲ್ಯಾಪ್‌ಟಾಪ್ ಬಿಟ್ಟು ಹೊರಡುವಂತಿಲ್ಲ, ನೆಟ್‌ವರ್ಕ್ ಇಲ್ಲದ ಕಡೆ ಹೋಗುವಂತಿಲ್ಲ. ಆ 118 ಗಂಟೆಗಳನ್ನು ಕಾಲುಭಾಗಕ್ಕೆ ಹಿಡಿದರೂ ವಾರಕ್ಕೆ ಸುಮಾರು 30, ವರ್ಷಕ್ಕೆ 300 ಗಂಟೆ. ಒಟ್ಟು 2,885. ಈಗ ಎರಡನೆಯ ಕೆಲಸದ ಗಂಟೆಯ ಬೆಲೆ ಮೊದಲನೆಯದಕ್ಕಿಂತ ಶೇ. 11ರಷ್ಟು ಕಡಿಮೆ.

ಇದಕ್ಕಿಂತ ಚುರುಕು ಮುಟ್ಟಿಸುವ ಲೆಕ್ಕ ಇನ್ನೊಂದಿದೆ. ಹೆಚ್ಚುವರಿ 19.5 ಗಳಿಸಲು ಹೆಚ್ಚುವರಿ 815 ಗಂಟೆ ಹೋಯಿತು. ಆ ಗಂಟೆಗಳಿಗೆ ಸಿಕ್ಕ ಬೆಲೆ ಮೊದಲ ಕೆಲಸದ ಗಂಟೆಯ ಬೆಲೆಯ ಶೇ. 62 ಮಾತ್ರ. ಸಂಜೆ, ರಾತ್ರಿ, ಶನಿವಾರ ಎಂಬ ದುಬಾರಿ ಗಂಟೆಗಳನ್ನು ಶೇ. 38 ರಿಯಾಯಿತಿಯಲ್ಲಿ ಮಾರಿದಂತಾಯಿತು. ನಿಮ್ಮ ಅಂಕಿಗಳು ಬೇರೆಯೇ ಇರಬಹುದು, ಫಲಿತಾಂಶ ಉಲ್ಟಾ ಬರಲೂಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಹಾಗಾದರೆ ಎರಡನೆಯ ಕೆಲಸ ಬೇಡವೇ?

ಅಷ್ಟು ಸಲೀಸಾಗಿ ಹೇಳುವ ಹಾಗಿಲ್ಲ. ಗಂಟೆಯ ಬೆಲೆ ಮರೆಮಾಚುವ ಒಂದು ಸಂಗತಿಯನ್ನು ಉಳಿತಾಯದ ಲೆಕ್ಕ ಎತ್ತಿ ತೋರಿಸುತ್ತದೆ. ಮನೆಖರ್ಚು ವರ್ಷಕ್ಕೆ 65 ಎಂದಿಟ್ಟುಕೊಂಡರೆ ಮೊದಲ ಕೆಲಸದಲ್ಲಿ ಉಳಿಯುವುದು 15, ಎರಡನೆಯದರಲ್ಲಿ 34.5. ಎರಡು ಪಟ್ಟಿಗಿಂತಲೂ ಹೆಚ್ಚು. ಒಂದು ವರ್ಷದ ಖರ್ಚನ್ನು ಕೈಯಲ್ಲಿಟ್ಟುಕೊಳ್ಳಲು ಮೊದಲ ಕೆಲಸದಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳು ಬೇಕು, ಎರಡನೆಯದರಲ್ಲಿ ಎರಡು ವರ್ಷಕ್ಕೂ ಕಡಿಮೆ. ಸಾಲ ತೀರಿಸಬೇಕಾದವರಿಗೆ, ಮನೆಯಲ್ಲಿ ದುಡಿಯುವವರು ಒಬ್ಬರೇ ಆದವರಿಗೆ ‘ನೆಮ್ಮದಿ ಮುಖ್ಯ’ ಎಂದು ಉಪದೇಶ ಮಾಡುವುದು ಸುಲಭ, ಅದರಿಂದ ಕಂತು ತೀರುವುದಿಲ್ಲ.

ಆದರೆ ಈ ವಾದ ನಿಲ್ಲುವುದು ಖರ್ಚು ಏರದಿದ್ದರೆ ಮಾತ್ರ, ಮತ್ತು ಕೈ ಕೊಡುವುದೂ ಅಲ್ಲಿಯೇ. ಆಫೀಸಿಗೆ ಹತ್ತಿರದ ಮನೆಗೆ ಬಾಡಿಗೆ ಹೆಚ್ಚು, ಅಡುಗೆಗೆ ಸಮಯವಿಲ್ಲದ್ದರಿಂದ ಹೊರಗಿನ ಊಟ, ದಣಿವಿಗೆ ಕ್ಯಾಬ್, ಮಕ್ಕಳನ್ನು ನೋಡಿಕೊಳ್ಳಲು ಹೆಚ್ಚುವರಿ ಗಂಟೆಗೆ ಹಣ. ಇವು ಶೋಕಿಯಲ್ಲ, ಸಮಯ ಮಾರಿದವರು ಸಮಯ ಕೊಳ್ಳುವ ಖರ್ಚು. ಅದು ವರ್ಷಕ್ಕೆ 10 ಆದರೆ ಉಳಿತಾಯ 24.5ಕ್ಕೆ ಇಳಿಯುತ್ತದೆ, ವರ್ಷದ ಖರ್ಚು 75ಕ್ಕೆ ಏರುತ್ತದೆ, ಗುರಿ ಮುಟ್ಟಲು ಮೂರು ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಹೆಚ್ಚು ಸಂಬಳದ ಕೆಲಸ ಹಿಡಿಯುವವರು ಎರಡು ಸಂಗತಿಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಎಷ್ಟು ಉಳಿದಾಗ ಹೊರಡುವುದು ಮತ್ತು ಹೆಚ್ಚುವರಿ ಹಣ ಸಂಬಳದ ದಿನವೇ ಯಾವ ಖಾತೆಗೆ ಹೋಗಬೇಕು. ಇವಿಲ್ಲದೆ ‘ಎರಡು ವರ್ಷ ಮಾತ್ರ’ ಎಂದು ಹೋದವರು ಆರು ವರ್ಷವಾದರೂ ಅಲ್ಲಿಯೇ ಇರುತ್ತಾರೆ. ಖರ್ಚು ಹೊಸ ಸಂಬಳಕ್ಕೆ ಒಗ್ಗಿಕೊಂಡ ಮೇಲೆ ಹಿಂದಕ್ಕೆ ಬರುವ ದಾರಿ ಕಡಿದಾಗುತ್ತದೆ.

ರಾತ್ರಿ 2:40ರ ಅಲರ್ಟ್

ಆನ್‌ಕಾಲ್‌ಗೆ ಕಾಲುಭಾಗ ಹಿಡಿದದ್ದು ಉದಾರ ಲೆಕ್ಕ. ಒಂದು ಅಲರ್ಟ್ ಏನೇನು ಕಸಿಯುತ್ತದೆ ನೋಡಿ. 2:40ಕ್ಕೆ ಫೋನ್ ಕೂಗುತ್ತದೆ. ಐದು ನಿಮಿಷದೊಳಗೆ ‘ನೋಡಿದೆ’ ಎಂದು ಒತ್ತದಿದ್ದರೆ ಅದು ಮುಂದಿನವರಿಗೆ ಹೋಗುತ್ತದೆ. ಲ್ಯಾಪ್‌ಟಾಪ್ ತೆರೆದು, ವಿಪಿಎನ್ ಹತ್ತಿ, ಡ್ಯಾಶ್‌ಬೋರ್ಡ್ ನೋಡಿದರೆ ಸಂಜೆ ಡಿಪ್ಲಾಯ್ ಆದ (ಬಳಕೆಗೆ ಬಿಟ್ಟ) ಬದಲಾವಣೆಯಿಂದ ಎರರ್ ಏರಿದೆ. ರೋಲ್‌ಬ್ಯಾಕ್ ಮಾಡಿ (ಹಿಂದಿನ ಆವೃತ್ತಿಗೆ ಮರಳಿಸಿ), ಗ್ರಾಫ್ ಇಳಿಯುವುದನ್ನು ಕಾದು, ಚಾನೆಲ್‌ನಲ್ಲಿ ನಾಲ್ಕು ಸಾಲು ಬರೆಯುವ ಹೊತ್ತಿಗೆ 3:10. ಕೆಲಸ ಅರ್ಧ ಗಂಟೆಯದ್ದು. ನಿದ್ದೆ ಮರಳುವುದು 4:30ಕ್ಕೆ. ಬೆಳಗ್ಗೆ 9:30ಕ್ಕೆ ಸ್ಟ್ಯಾಂಡಪ್ (ತಂಡದ ದಿನನಿತ್ಯದ ಸಣ್ಣ ಸಭೆ) ಇದೆ, ಆ ದಿನ ಬರೆದ ಕೋಡ್‌ನ ಗುಣಮಟ್ಟ ಮುಂದಿನ ವಾರದ ಆನ್‌ಕಾಲ್‌ನವರಿಗೆ ಗೊತ್ತಾಗುತ್ತದೆ.

ಇದಕ್ಕೆ ಒಂದು ಅಳತೆಗೋಲು ಇದೆ. ಗೂಗಲ್‌ನ ಎಸ್‌ಆರ್‌ಇ (ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವ) ತಂಡಗಳು 2016ರಲ್ಲಿ ಪ್ರಕಟಿಸಿದ ತಮ್ಮ ಪದ್ಧತಿಯ ಪ್ರಕಾರ, ಒಂದು ಘಟನೆಯನ್ನು ಬಗೆಹರಿಸಿ, ಕಾರಣ ಹುಡುಕಿ, ವರದಿ ಬರೆದು ಮುಗಿಸಲು ಸರಾಸರಿ ಆರು ಗಂಟೆ ಬೇಕು. ಆದ್ದರಿಂದ 12 ಗಂಟೆಯ ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆ ಬರಬಾರದು. ಒಬ್ಬರು ಮುಖ್ಯ, ಒಬ್ಬರು ಬೆನ್ನಿಗೆ ಎಂದು ವಾರದ ಪಾಳಿ ನಡೆಸಲು ಒಂದೇ ಜಾಗದ ತಂಡದಲ್ಲಿ ಕನಿಷ್ಠ ಎಂಟು ಜನ ಬೇಕು. ನಾಲ್ಕು ಜನರ ತಂಡ ಇಪ್ಪತ್ನಾಲ್ಕು ಗಂಟೆಯ ಸೇವೆ ನೋಡಿಕೊಳ್ಳುತ್ತಿದೆ ಎಂದರೆ, ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಗಣಿತ ಒಪ್ಪುವುದಿಲ್ಲ. ಒಬ್ಬರು ರಜೆ ಹಾಕಿದ ದಿನವೇ ಅದು ಬಯಲಾಗುತ್ತದೆ.

ಅಲರ್ಟ್ ಹೆಚ್ಚಾಗುವುದಕ್ಕೂ ಒಂದು ಕಾರಣ ಪದೇಪದೇ ಕಾಣುತ್ತದೆ: ಬಳಕೆದಾರರಿಗೆ ತೊಂದರೆಯಾಯಿತೇ ಎಂದು ನೋಡುವ ಬದಲು ಸಿಪಿಯು ಶೇ. 80 ದಾಟಿತೇ ಎಂದು ನೋಡುವ ಅಲರ್ಟ್‌ಗಳು. ಪ್ರತಿ ಅವಾಂತರದ ನಂತರ ಹೊಸದೊಂದು ಸೇರಿಸುತ್ತಾರೆ, ಹಳೆಯದನ್ನು ತೆಗೆಯುವ ಹೊಣೆ ಯಾರದ್ದೂ ಅಲ್ಲ. ಸಂದರ್ಶನದಲ್ಲಿ ‘ಆನ್‌ಕಾಲ್ ಇದೆಯೇ?’ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ‘ಕಳೆದ ತಿಂಗಳು ಕೆಲಸದ ಹೊತ್ತಿನ ಹೊರಗೆ ಎಷ್ಟು ಅಲರ್ಟ್ ಬಂತು? ಅದರಲ್ಲಿ ಎಷ್ಟಕ್ಕೆ ನಿಜವಾಗಿ ಏನಾದರೂ ಮಾಡಬೇಕಾಯಿತು?’ ಎಂದು ಕೇಳಿ. ಸಂಖ್ಯೆ ಹೇಳಬಲ್ಲ ತಂಡ ಅದನ್ನು ಎಣಿಸುತ್ತಿದೆ ಎಂದರ್ಥ. ಎಣಿಸುವ ತಂಡಗಳೇ ಕಡಿಮೆ ಮಾಡುವುದು.

ಹಿಡಿತದ ಬೆಲೆ

ಅಲೆಕ್ಸಾಂಡರ್ ಮಾಸ್ ಮತ್ತು ಅಮಾಂಡಾ ಪಲ್ಲೈಸ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಸಿಕೊಳ್ಳಬೇಕಾದ್ದು. ಅಮೆರಿಕದಲ್ಲಿ ಕಾಲ್‌ಸೆಂಟರ್ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಬೇರೆಬೇರೆ ಸಂಬಳ, ಬೇರೆಬೇರೆ ವೇಳೆಯ ಆಯ್ಕೆ ಕೊಟ್ಟು ಯಾವುದಕ್ಕೆ ಎಷ್ಟು ಬಿಟ್ಟುಕೊಡುತ್ತಾರೆ ಎಂದು ಅಳೆದರು. ಮನೆಯಿಂದ ಕೆಲಸ ಮಾಡುವ ಅವಕಾಶಕ್ಕೆ ಸರಾಸರಿ ಶೇ. 8ರಷ್ಟು ಸಂಬಳ ಬಿಡಲು ಸಿದ್ಧರಿದ್ದರು. ಮಾಲೀಕರು ಕೊನೇ ಗಳಿಗೆಯಲ್ಲಿ ನಿಗದಿ ಮಾಡುವ ವೇಳೆಯನ್ನು ತಪ್ಪಿಸಿಕೊಳ್ಳಲು ಶೇ. 20. ಎರಡೂವರೆ ಪಟ್ಟು ವ್ಯತ್ಯಾಸ. ಕಾಲ್‌ಸೆಂಟರ್ ಬೇರೆ, ಸಾಫ್ಟ್‌ವೇರ್ ಬೇರೆ, ಹೌದು. ಆದರೂ ‘ಸಂಜೆ ಆರಕ್ಕೆ ಒಂದು ಸಣ್ಣ ಕಾಲ್’ ಎಂಬ ಮೆಸೇಜ್ ಐದು ಮುಕ್ಕಾಲಿಗೆ ಬಂದಾಗ ಹತ್ತುವ ಸಿಟ್ಟು ಅರ್ಧ ಗಂಟೆ ಹೋಯಿತೆಂದಲ್ಲ ಎಂಬುದು ಈ ಕೆಲಸ ಮಾಡುವ ಯಾರಿಗೂ ಗೊತ್ತು. ಮೊದಲೇ ತಿಳಿದ 48 ಗಂಟೆಯ ವಾರ, ಯಾವಾಗ ಒಡೆಯುತ್ತದೋ ತಿಳಿಯದ 42 ಗಂಟೆಯ ವಾರಕ್ಕಿಂತ ಹಗುರ.

ಹಾಗೆಂದು ಗಂಟೆಗಳಿಗೆ ಮಿತಿಯೇ ಇಲ್ಲ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಕಂಪನಿಗೂ ಇದರಿಂದ ದೊಡ್ಡ ಲಾಭವಿಲ್ಲ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಜಾನ್ ಪೆಂಕಾವೆಲ್ 2014ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ವಾರಕ್ಕೆ 49 ಗಂಟೆಯ ನಂತರ ಪ್ರತಿ ಗಂಟೆಯ ಉತ್ಪತ್ತಿ ಇಳಿಯುತ್ತ ಹೋಗಿ, 70 ಗಂಟೆ ದುಡಿದರೂ 56 ಗಂಟೆಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅದು ಕೈಕೆಲಸ. ಕೋಡ್‌ನಲ್ಲಿ ದಣಿದವರು ಉತ್ಪತ್ತಿ ನಿಲ್ಲಿಸುವುದಷ್ಟೇ ಅಲ್ಲ, ಬಗ್ ಕೂಡ ಸೇರಿಸುತ್ತಾರೆ.

ಯಾವ ತಂಡದಲ್ಲಿ ರಜೆ ನಿಜವಾಗಿ ರಜೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ವಿವರಣೆ ಕ್ಲಾಡಿಯಾ ಗೋಲ್ಡಿನ್ ಅವರದ್ದು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರ ಸಂಶೋಧನೆ ಹೇಳುವುದಿಷ್ಟು: ಕೆಲವು ವೃತ್ತಿಗಳಲ್ಲಿ ಎರಡು ಪಟ್ಟು ಗಂಟೆಗೆ ಎರಡು ಪಟ್ಟಿಗಿಂತ ಹೆಚ್ಚು ಸಂಬಳ ಸಿಗುತ್ತದೆ, ಏಕೆಂದರೆ ಅಲ್ಲಿ ಒಬ್ಬರ ಬದಲು ಇನ್ನೊಬ್ಬರು ಕೂರುವಂತಿಲ್ಲ. ಔಷಧ ಅಂಗಡಿಯ ಫಾರ್ಮಸಿಸ್ಟ್ ಕೆಲಸದಲ್ಲಿ ದಾಖಲೆಗಳು ವ್ಯವಸ್ಥಿತವಾದ ಮೇಲೆ ಒಬ್ಬರ ಪಾಳಿಯನ್ನು ಇನ್ನೊಬ್ಬರು ಸಲೀಸಾಗಿ ವಹಿಸಿಕೊಳ್ಳಬಹುದಾಯಿತು. ಕಡಿಮೆ ಗಂಟೆ ದುಡಿದರೆ ಬೀಳುತ್ತಿದ್ದ ದಂಡವೂ ತಗ್ಗಿತು. ಸಾಫ್ಟ್‌ವೇರ್ ತಂಡಗಳಲ್ಲಿ ಎರಡೂ ಬಗೆಯವಿವೆ. ಬಿಲ್ಲಿಂಗ್ ಮಾಡ್ಯೂಲ್ ಅರ್ಥವಾಗುವುದು ಒಬ್ಬರಿಗೆ ಮಾತ್ರ ಎಂದಾದರೆ ಆ ಒಬ್ಬರಿಗೆ ಒಳ್ಳೆಯ ಸಂಬಳವಿರುತ್ತದೆ, ರಜೆಯಲ್ಲೂ ಫೋನ್ ಬರುತ್ತದೆ. ‘ನಾನಿಲ್ಲದೆ ನಡೆಯಲ್ಲ’ ಎಂಬುದನ್ನು ಹೆಮ್ಮೆಯೆಂದು ತಿಳಿದವರು ಅದರ ಬೆಲೆಯನ್ನು ಮನೆಯವರಿಂದ ಕಟ್ಟಿಸುತ್ತಿರುತ್ತಾರೆ. ರನ್‌ಬುಕ್ (ತೊಂದರೆ ಬಂದಾಗ ಏನು ಮಾಡಬೇಕೆಂಬ ಹಂತಗಳ ಟಿಪ್ಪಣಿ) ಬರೆಯುವುದು, ಜೋಡಿಯಾಗಿ ರಿವ್ಯೂ ಮಾಡುವುದು, ತಿಂಗಳಿಗೊಮ್ಮೆ ಬೇರೆಯವರ ಕೈಯಲ್ಲಿ ಡಿಪ್ಲಾಯ್ ಮಾಡಿಸುವುದು, ಇವೆಲ್ಲ ಶಿಸ್ತಿನ ಕೆಲಸ ಎನಿಸಿದರೂ ಸಂಜೆಯನ್ನು ಉಳಿಸುವುದು ಇವೇ.

ಕೇಳಬೇಕಾದ್ದು ಯಾರನ್ನು, ಏನನ್ನು

ಕಂಪನಿಯ ಹೆಸರು ನೋಡಿ ಬ್ಯಾಲೆನ್ಸ್ ಊಹಿಸುವುದು ತಪ್ಪುದಾರಿ. ಒಂದೇ ಕಂಪನಿಯಲ್ಲಿ ಒಳಬಳಕೆಯ ಟೂಲ್ ಬರೆಯುವ ತಂಡ ಐದೂವರೆಗೆ ಎದ್ದರೆ, ಪಾವತಿ ವ್ಯವಸ್ಥೆಯ ತಂಡ ಹಬ್ಬದ ದಿನವೂ ಕೂರುತ್ತದೆ. ಎಚ್‌ಆರ್ ಬಳಿ ಸಿಗುವುದು ಕಂಪನಿಯ ನೀತಿ. ಬೇಕಾದ್ದು ತಂಡದ ರೂಢಿ. ಆಫರ್ ಬಂದ ಮೇಲೆ, ಒಪ್ಪುವ ಮೊದಲು, ಅದೇ ತಂಡದ ಇಬ್ಬರ ಜೊತೆ ಮ್ಯಾನೇಜರ್ ಇಲ್ಲದೆ ಅರ್ಧ ಗಂಟೆ ಮಾತಾಡಬೇಕೆಂದು ಕೇಳಿ. ಈ ಹಂತದಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಅದೂ ಒಂದು ಉತ್ತರ.

ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ‘ಬ್ಯಾಲೆನ್ಸ್ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದೇ ಬರುತ್ತದೆ. ಕೊನೆಯ ರಿಲೀಸ್ ಹೇಳಿದ ದಿನಕ್ಕೆ ಆಯಿತೇ, ಆಗದಿದ್ದಾಗ ದಿನಾಂಕ ಮುಂದೆ ಹೋಯಿತೇ, ಕೆಲಸ ಕಡಿತವಾಯಿತೇ, ಅಥವಾ ಶನಿವಾರ ಹೋಯಿತೇ? ಕಳೆದ ವರ್ಷ ನೀವು ಒಟ್ಟು ಎಷ್ಟು ದಿನ ರಜೆ ಹಾಕಿದಿರಿ, ಆಗ ಲ್ಯಾಪ್‌ಟಾಪ್ ಎಲ್ಲಿತ್ತು? ಈ ಹುದ್ದೆ ಖಾಲಿಯಾದದ್ದು ಹೇಗೆ? ಹಿಂದಿನವರು ಎಂಟು ತಿಂಗಳಿಗೆ ಹೋದರೆ, ಅದರ ಹಿಂದಿನವರು ಹತ್ತು ತಿಂಗಳಿಗೆ ಹೋಗಿದ್ದರೆ, ಮಿಕ್ಕ ಪ್ರಶ್ನೆಗಳ ಅಗತ್ಯವಿಲ್ಲ.

ಮಿತಿಯಿಲ್ಲದ ರಜೆ ಎಂಬ ನೀತಿಯ ಬಗ್ಗೆ ತುಸು ಅನುಮಾನವಿರಲಿ. ಸಂಖ್ಯೆಯೇ ಇಲ್ಲದ ಕಡೆ ಹಕ್ಕೂ ತೆಳುವಾಗುತ್ತದೆ, ಬಳಸದೆ ಉಳಿದ ರಜೆಗೆ ಬಿಡುವಾಗ ಹಣ ಸಿಗುವ ಪ್ರಶ್ನೆಯೂ ಏಳುವುದಿಲ್ಲ. ಕನಿಷ್ಠ ಇಷ್ಟು ದಿನ ತೆಗೆದುಕೊಳ್ಳಲೇಬೇಕು ಎಂಬ ನಿಯಮ ಇದ್ದರೆ ಮಾತು ಬೇರೆ. ಬೇರೆ ಕಾಲವಲಯದ ತಂಡವಿದ್ದರೆ, ಸಂಜೆಯ ಕಾಲ್ ಸರದಿಯ ಮೇಲೆ ಬದಲಾಗುತ್ತದೆಯೇ ಅಥವಾ ಯಾವಾಗಲೂ ಒಂದೇ ಕಡೆಯವರು ಎಚ್ಚರವಿರಬೇಕೇ ಎಂದು ಕೇಳಿ. ರಾತ್ರಿ ಒಂಬತ್ತರ ಒಂದು ಗಂಟೆಯ ಕಾಲ್ ಅನ್ನು ನಿಮ್ಮ ಲೆಕ್ಕದಲ್ಲಿ ಎರಡು ಗಂಟೆ ಎಂದು ಬರೆಯಿರಿ.

ಕಾನೂನು ಎಷ್ಟರಮಟ್ಟಿಗೆ ಕೈ ಹಿಡಿಯುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಕೆಲಸದ ಹೊತ್ತಿನ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ಎಂಬ ‘996’ ಪದ್ಧತಿ ಕಾನೂನುಬಾಹಿರ ಎಂದು ಚೀನಾದ ಸರ್ವೋಚ್ಚ ನ್ಯಾಯಾಲಯ 2021ರ ಆಗಸ್ಟ್‌ನಲ್ಲಿ ಹೇಳಿತು. ಆದರೆ ತಂಡದಲ್ಲಿ ಎಲ್ಲರೂ ರಾತ್ರಿ ಹತ್ತಕ್ಕೆ ಉತ್ತರಿಸುವಾಗ ಒಬ್ಬರೇ ಕಾನೂನು ತೋರಿಸುವುದು ಕಷ್ಟ. ಹಾಗಾಗಿ ರೂಢಿಯ ವಿಚಾರಣೆ ತಪ್ಪುವುದಿಲ್ಲ.

ಆರಾಮದ ಕೆಲಸದ ಅಪಾಯ

ಕಡಿಮೆ ಸಂಬಳವಿದ್ದ ಮಾತ್ರಕ್ಕೆ ಕೆಲಸ ಹಗುರವಾಗಿರುತ್ತದೆ ಎಂದೇನಿಲ್ಲ. ಜನ ಸಾಲದ, ಹಣವಿಲ್ಲದ ಕಂಪನಿಯಲ್ಲಿ ಎರಡೂ ಕೈತಪ್ಪುತ್ತವೆ. ನಿಜವಾಗಿ ಹಗುರವಾದ ಕೆಲಸಕ್ಕೂ ಒಂದು ಬೆಲೆ ಇದೆ, ಅದು ತಡವಾಗಿ ಕಾಣುತ್ತದೆ. ಐದು ವರ್ಷ ಅದೇ ಹಳೆಯ ಸಿಸ್ಟಮ್‌ಗೆ ಸಣ್ಣ ಪ್ಯಾಚ್ ಹಾಕುತ್ತ ಕೂತವರು ಲೇಆಫ್ ಬಂದ ದಿನ ಮಾರುಕಟ್ಟೆಯಲ್ಲಿ ಒಂದು ವರ್ಷದ ಅನುಭವವನ್ನು ಐದು ಸಲ ತೋರಿಸಬೇಕಾಗುತ್ತದೆ. ಪರೀಕ್ಷಿಸುವುದು ಸುಲಭ: ಕಳೆದ 12 ತಿಂಗಳಲ್ಲಿ ಸಂದರ್ಶನದಲ್ಲಿ ಹೇಳಿಕೊಳ್ಳಬಹುದಾದ ಎರಡು ಕೆಲಸ ಹೆಸರಿಸಲಾಗದಿದ್ದರೆ, ಆ ನೆಮ್ಮದಿ ಸಾಲದ ಮೇಲಿನದು. ವೃತ್ತಿಯ ಮೊದಲ ನಾಲ್ಕೈದು ವರ್ಷಗಳಲ್ಲಿ, ಒಳ್ಳೆಯ ಹಿರಿಯರು ಕೋಡ್ ರಿವ್ಯೂ ಮಾಡುವ ಕಡೆ, ಗಂಟೆ ತುಸು ಹೆಚ್ಚಾದರೂ ಇರುವುದು ಲಾಭ ಎಂಬುದು ನಮ್ಮ ಅಭಿಪ್ರಾಯ. ರಿವ್ಯೂ ಇಲ್ಲದೆ ಬರೀ ಗಂಟೆ ಹೆಚ್ಚಿರುವ ಕಡೆ ಅದೂ ಇಲ್ಲ.

ಸಮಯಕ್ಕೆ ಚೌಕಾಸಿ

ಸಂಬಳಕ್ಕೆ ಚೌಕಾಸಿ ಮಾಡುವವರು ಸಮಯಕ್ಕೆ ಮಾಡುವುದು ಅಪರೂಪ. ವರ್ಷದ 230 ಕೆಲಸದ ದಿನಗಳಲ್ಲಿ ಐದು ದಿನ ಹೆಚ್ಚು ರಜೆ ಎಂದರೆ ಶೇ. 2ಕ್ಕಿಂತ ತುಸು ಹೆಚ್ಚು ಹೈಕ್ ಸಿಕ್ಕಂತೆಯೇ. ಸಂಬಳದ ಮಿತಿ ಮುಟ್ಟಿದ್ದೇವೆ ಎನ್ನುವವರು ಇದನ್ನು ಕೊಡಬಲ್ಲರು. ಅಲರ್ಟ್ ಬಂದ ರಾತ್ರಿಯ ಮರುದಿನ ತಡವಾಗಿ ಬರುವುದು, ಆನ್‌ಕಾಲ್ ವಾರಕ್ಕೆ ಭತ್ಯೆ ಅಥವಾ ಒಂದು ದಿನ ರಜೆ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಇವೂ ಕೇಳಬಹುದಾದವು. ಕೊನೆಯದಕ್ಕೆ ಗಟ್ಟಿ ಆಧಾರವಿದೆ: ಟ್ರಿಪ್.ಕಾಮ್ ಕಂಪನಿಯ 1,600ಕ್ಕೂ ಹೆಚ್ಚು ನೌಕರರ ಮೇಲೆ ನಡೆಸಿ 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು, ಬಡ್ತಿ ಅಥವಾ ಕಾರ್ಯಕ್ಷಮತೆಯಲ್ಲಿ ಹಿನ್ನಡೆ ಆಗಲಿಲ್ಲ.

ಶೇ. 80 ಸಂಬಳಕ್ಕೆ ನಾಲ್ಕು ದಿನ ಎಂಬ ಒಪ್ಪಂದ ಮಾತ್ರ ಎಚ್ಚರಿಕೆಯಿಂದ ಮಾಡಿಕೊಳ್ಳಬೇಕಾದ್ದು. ಅದು ಕೆಡುವ ಬಗೆ ಒಂದೇ: ಸಂಬಳ ಇಳಿಯುತ್ತದೆ, ಕೆಲಸ ಇಳಿಯುವುದಿಲ್ಲ. ಸ್ಪ್ರಿಂಟ್‌ನಲ್ಲಿ (ಒಂದೆರಡು ವಾರದ ಕೆಲಸದ ಕಂತಿನಲ್ಲಿ) ನಿಮ್ಮ ಪಾಲಿನ ಅಂದಾಜು, ಆನ್‌ಕಾಲ್ ಸರದಿ, ವಾರ್ಷಿಕ ಗುರಿ, ಮೂರೂ ಶೇ. 80ಕ್ಕೆ ಇಳಿದಿವೆ ಎಂದು ಇಮೇಲ್‌ನಲ್ಲಿ ಬರಬೇಕು. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾದ ದಿನ ಮುಗಿಯುತ್ತದೆ.

ಸೇರಿದ ಮೇಲೆ 12 ವಾರ ಗಂಟೆ ಬರೆದಿಡಿ: ಶುರು, ಮುಗಿತಾಯ, ಹೊತ್ತಿನ ಹೊರಗಿನ ಕಾಲ್, ಅಲರ್ಟ್. ದಿನಕ್ಕೆ ಒಂದು ನಿಮಿಷದ ಕೆಲಸ. ಆಫರ್ ಒಪ್ಪುವಾಗ ಹಿಡಿದ ಅಂದಾಜಿಗಿಂತ ವಾರಕ್ಕೆ ಐದು ಗಂಟೆಗೂ ಹೆಚ್ಚು ಏರಿದ್ದರೆ ಆ ಪಟ್ಟಿಯನ್ನೇ ಮ್ಯಾನೇಜರ್ ಮುಂದಿಟ್ಟು, ಯಾವ ಕೆಲಸ ಬಿಡಲಿ ಎಂದು ಕೇಳಬಹುದು. ಇನ್ನೆರಡು ತಿಂಗಳಲ್ಲಿ ಬದಲಾಗದಿದ್ದರೆ ಬೇರೆ ಕಡೆ ನೋಡುವ ಮೊದಲು ಜಾಯ್ನಿಂಗ್ ಬೋನಸ್‌ನ ಷರತ್ತು ತೆಗೆದು ಓದಿ: ವಾಪಸ್ ಕೊಡಬೇಕಾದ್ದು ಪೂರ್ತಿಯೋ, ಉಳಿದ ತಿಂಗಳುಗಳ ಪಾಲೋ, ಮತ್ತು ತೆರಿಗೆ ಕಳೆದು ಕೈಗೆ ಬಂದ ಮೊತ್ತವೋ, ತೆರಿಗೆಯೂ ಸೇರಿದ ಮೂಲ ಮೊತ್ತವೋ. ಎರಡನೆಯದಾದರೆ, ಕೈಗೆ ಬಾರದ ಹಣವನ್ನೂ ಕಟ್ಟಿ, ಕಡಿತವಾದ ತೆರಿಗೆಯನ್ನು ಬೇರೆಯಾಗಿ ವಾಪಸ್ ಕೇಳಬೇಕಾಗುತ್ತದೆ.